ಕಬ್ಬಿನ ಟ್ರ್ಯಾಕ್ಟರ್ ಹಿಂದೆ 390 ಮತ್ತು 650: ಮಂಡ್ಯದಿಂದ ಒಂದು ಲಾಂಗ್ ಟರ್ಮ್ ವಿಮರ್ಶೆ

ನಾನೂರು ಸಿಸಿ ಸಾಕಾ, ಇಲ್ಲಾ ಆರುನೂರೈವತ್ತಕ್ಕೆ ಹೋಗೋದಾ? ಮಂಡ್ಯ, ಮೈಸೂರು ಕಡೆ ನೇಕೆಡ್ ಸ್ಪೋರ್ಟ್ ಬೈಕ್ (ಇಂಜಿನ್ ಮುಚ್ಚುವ ಹೊದಿಕೆ ಇಲ್ಲದ್ದು) ಮೇಲೆ ಕಣ್ಣಿಟ್ಟಿರುವ ಹುಡುಗರು ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿ ಕೇಳುವ ಪ್ರಶ್ನೆ ಇದು. ನಮ್ಮ ಮನೆಯಲ್ಲಿ ಎರಡೂ ಇವೆ. ನನ್ನದು ಕವಾಸಕಿ ಜೆಡ್650. ತಮ್ಮನದು ಕೆಟಿಎಂ 390 ಡ್ಯೂಕ್, 2023ರ ಸೆಪ್ಟೆಂಬರ್‌ನಲ್ಲಿ ಬಂದ ಹೊಸ ಮಾದರಿ. ಬಾಗಿಲ ಪಕ್ಕದ ಮೊಳೆಯಲ್ಲಿ ಯಾವ ಕೀ ಸಿಗುತ್ತದೋ ಅದನ್ನು ತೆಗೆದುಕೊಂಡು ಹೊರಡುವುದು ನಮ್ಮಿಬ್ಬರ ಅಭ್ಯಾಸ. ಹಾಗಾಗಿ ಮಳೆ, ಬಿಸಿಲು, ಊರೊಳಗೆ, ಘಾಟಿಯಲ್ಲಿ ಎರಡೂ ಹೇಗೆ ನಡೆದುಕೊಳ್ಳುತ್ತವೆ ಅಂತ ಚೆನ್ನಾಗಿ ಗೊತ್ತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವೇಗಕ್ಕೋಸ್ಕರ ದೊಡ್ಡ ಬೈಕ್ ಬೇಕು ಅನ್ನುವುದಾದರೆ ಈ ಭಾಗದಲ್ಲಿ ಅದು ದಂಡ. ದೊಡ್ಡ ಇಂಜಿನ್‌ನ ಲಾಭ ಇಲ್ಲಿ ಸಿಗುವುದು ನಿಧಾನವಾಗಿ ಓಡಿಸುವಾಗ, ಅದರಲ್ಲೂ ಹಿಂದೆ ಒಬ್ಬರನ್ನು ಕೂರಿಸಿಕೊಂಡಾಗ. ಇದು ಕೇಳಿದವರಿಗೆ ಉಲ್ಟಾ ಅನ್ನಿಸುತ್ತದೆ. ಆದರೆ ನಮ್ಮ ರಸ್ತೆ ನೋಡಿದರೆ ಅರ್ಥ ಆಗುತ್ತದೆ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಗಿದ್ದು 2023ರ ಮಾರ್ಚ್‌ನಲ್ಲಿ, ನಮ್ಮ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ. ಅದೇ ವರ್ಷ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳು ಮುಖ್ಯ ರಸ್ತೆಗೆ ಬರುವ ಹಾಗಿಲ್ಲ. ನೂರು ಸಿಸಿ ಇರಲಿ, ಸಾವಿರ ಸಿಸಿ ಇರಲಿ, ಎಲ್ಲರೂ ಸರ್ವಿಸ್ ರಸ್ತೆಗೇ ಇಳಿಯಬೇಕು. ಆ ಸರ್ವಿಸ್ ರಸ್ತೆಯಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡ ಟಿವಿಎಸ್ ಎಕ್ಸೆಲ್, ಎದುರಿನಿಂದ ರಾಂಗ್ ಸೈಡ್‌ನಲ್ಲಿ ಬರುವ ಆಟೋ, ಮೇವಿನ ಹೊರೆ, ಎಳನೀರು ಗಾಡಿ ಎಲ್ಲವೂ ಇರುತ್ತವೆ. ಮಂಡ್ಯದಿಂದ ಮೈಸೂರಿಗೆ ಹೋಗುವ ದಾರಿಯುದ್ದಕ್ಕೂ ಅರವತ್ತು, ಎಪ್ಪತ್ತರ ಮೇಲೆ ಹೋಗುವ ಮನಸ್ಸೇ ಬರುವುದಿಲ್ಲ, ಬರಲೂಬಾರದು.

ಈಗ ಎರಡು ಬೈಕ್‌ಗಳ ಲೆಕ್ಕ. 390ರಲ್ಲಿ 399 ಸಿಸಿಯ ಒಂದೇ ಸಿಲಿಂಡರ್, 46 ಪಿಎಸ್ (ಅಶ್ವಶಕ್ತಿ) ಪವರ್, 39 ಎನ್‌ಎಂ ಟಾರ್ಕ್, ತೂಕ 168 ಕೆಜಿ. ಜೆಡ್650ರಲ್ಲಿ 649 ಸಿಸಿಯ ಜೋಡಿ ಸಿಲಿಂಡರ್, 68 ಪಿಎಸ್, 64 ಎನ್‌ಎಂ, ತೂಕ 191 ಕೆಜಿ. ಎರಡರ ಟ್ಯಾಂಕೂ 15 ಲೀಟರ್. ಎಲ್ಲರೂ ಪವರ್ ನೋಡುತ್ತಾರೆ. ನೀವು ಟಾರ್ಕ್, ಅಂದರೆ ಚಕ್ರ ತಿರುಗಿಸುವ ಎಳೆತದ ಬಲ ನೋಡಿ. ತೂಕ 23 ಕೆಜಿ ಜಾಸ್ತಿ, ಅಂದರೆ ಒಂದು ಅಕ್ಕಿ ಮೂಟೆಯಷ್ಟೂ ಇಲ್ಲ. ಟಾರ್ಕ್ ಮಾತ್ರ ಒಂದೂವರೆ ಪಟ್ಟಿಗಿಂತ ಜಾಸ್ತಿ.

ಇದು ಎಲ್ಲಿ ಗೊತ್ತಾಗುತ್ತದೆ? ಕಬ್ಬು ಅರೆಯುವ ಕಾಲದಲ್ಲಿ. ಕಾರ್ಖಾನೆ ಶುರುವಾಯಿತು ಅಂದರೆ ಮಂಡ್ಯ, ಪಾಂಡವಪುರದ ಸುತ್ತಮುತ್ತ ಯಾವ ರಸ್ತೆಗೆ ಹೋದರೂ ಎರಡೆರಡು ಟ್ರೈಲರ್ ಎಳೆದುಕೊಂಡು ಟ್ರ್ಯಾಕ್ಟರ್‌ಗಳು ಸಾಲಾಗಿ ಹೋಗುತ್ತಿರುತ್ತವೆ. ಕಬ್ಬಿನ ಜಲ್ಲೆ ಎರಡೂ ಬದಿಗೆ ಚಾಚಿಕೊಂಡಿರುತ್ತದೆ. ಎಷ್ಟೋ ಟ್ರೈಲರ್‌ಗಳಿಗೆ ಹಿಂದೆ ಲೈಟೂ ಇರುವುದಿಲ್ಲ, ರಿಫ್ಲೆಕ್ಟರೂ ಇರುವುದಿಲ್ಲ. ಇಪ್ಪತ್ತು, ಇಪ್ಪತ್ತೈದರ ವೇಗದಲ್ಲಿ ಅದರ ಹಿಂದೆ ಸಾಗಬೇಕು. ಎದುರು ರಸ್ತೆ ಖಾಲಿ ಕಂಡ ತಕ್ಷಣ ಒಂದೇ ಏಟಿಗೆ ದಾಟಿ ಮುಂದೆ ಹೋಗಬೇಕು.

390ರಲ್ಲಿ ಈ ಕೆಲಸಕ್ಕೆ ಎರಡನೇ ಗೇರ್ ಬೇಕೇ ಬೇಕು. ಮೂರರಲ್ಲಿ ಇದ್ದುಕೊಂಡೇ ಆಕ್ಸಿಲರೇಟರ್ ತಿರುಗಿಸಿದರೆ ಇಂಜಿನ್ ಗಡಗಡ ಅನ್ನುತ್ತದೆ, ಚೈನ್ ಎಳೆದು ಬಿಟ್ಟ ಹಾಗೆ ಆಗುತ್ತದೆ. ಇದು ಕೆಡುಕು ಅಲ್ಲ, ಒಂಟಿ ಸಿಲಿಂಡರ್‌ನ ಸ್ವಭಾವವೇ ಹಾಗೆ. ಕ್ರ್ಯಾಂಕ್ (ಇಂಜಿನ್ ಒಳಗೆ ತಿರುಗುವ ಮುಖ್ಯ ದಂಡ) ಎರಡು ಸುತ್ತು ಸುತ್ತಿದರೆ ಒಂದು ಸಲ ಮಾತ್ರ ಶಕ್ತಿ ಬರುತ್ತದೆ. ಜೋಡಿ ಸಿಲಿಂಡರ್‌ನಲ್ಲಿ ಅಷ್ಟರೊಳಗೆ ಎರಡು ಸಲ ಬಂದಿರುತ್ತದೆ. ಅದಕ್ಕೇ 650ರಲ್ಲಿ ಮೂರನೇ ಗೇರ್‌ನಲ್ಲೇ ಟ್ರ್ಯಾಕ್ಟರ್ ಹಿಂದೆ ಆರಾಮಾಗಿ ಉರುಳುತ್ತಿರಬಹುದು. ಜಾಗ ಸಿಕ್ಕಾಗ ಸುಮ್ನೆ ಕೈ ತಿರುಗಿಸಿದರೆ ಸಾಕು, ಗೇರ್ ಮುಟ್ಟದೆ ದಾಟಿಬಿಡುತ್ತದೆ. ಹಾಗಂತ 390 ದಾಟುವುದಿಲ್ಲ ಅಂತಲ್ಲ. ಎರಡನೇ ಗೇರ್‌ನಲ್ಲಿ ಅದು ಬಾಣದ ಹಾಗೆ ಹೋಗುತ್ತದೆ, ಕ್ಲಚ್ ಹಿಡಿಯದೆ ಗೇರ್ ಬದಲಿಸುವ ಕ್ವಿಕ್‌ಶಿಫ್ಟರ್ ಬೇರೆ ಇದೆ. ಆದರೆ ಹತ್ತು ಟ್ರ್ಯಾಕ್ಟರ್ ದಾಟುವಷ್ಟರಲ್ಲಿ ಎಡಗಾಲಿಗೆ ಬಿದ್ದ ಕೆಲಸ ಮೈಗೆ ಗೊತ್ತಾಗುತ್ತದೆ.

ಹಿಂದೆ ಹೆಂಡತಿ ಕೂತಾಗ ಈ ವ್ಯತ್ಯಾಸ ಇನ್ನೂ ಜಾಸ್ತಿ. ಎರಡೂ ಬೈಕ್ ಮೇಲೆ ಅವಳು ನಂಜನಗೂಡು, ಮೇಲುಕೋಟೆ, ತಲಕಾಡು ಎಲ್ಲಾ ಸುತ್ತಿದ್ದಾಳೆ. "ನಿಮ್ ತಮ್ಮನ ಗಾಡೀಲಿ ಗೇರ್ ಹಾಕಿದಾಗೆಲ್ಲ ಹೆಲ್ಮೆಟ್ಟಿಗೆ ಹೆಲ್ಮೆಟ್ ಬಡಿಯುತ್ತೆ ರೀ, ಇದ್ರಲ್ಲಿ ಗೇರ್ ಹಾಕಿದ್ದೇ ಗೊತ್ತಾಗಲ್ಲ" ಅನ್ನುತ್ತಾಳೆ. ಬೈಕ್ ಬಗ್ಗೆ ಓದಿದ ಎಷ್ಟೋ ಲೇಖನಕ್ಕಿಂತ ಈ ಒಂದು ಮಾತು ನನಗೆ ದೊಡ್ಡದು. ಇನ್ನು ಹಿಂದಿನ ಸೀಟಿನ ವಿಷಯಕ್ಕೆ ಬಂದರೆ ಎರಡೂ ಚಿಕ್ಕವೇ. ದೊಡ್ಡ ಬೈಕ್ ಅಂದರೆ ದೊಡ್ಡ ಸೀಟು ಅಂದುಕೊಳ್ಳಬೇಡಿ. ಒಂದು ಗಂಟೆ ಆದಮೇಲೆ ಕಾಫಿಗೆ ನಿಲ್ಲಿಸಲೇಬೇಕು.

ದೊಡ್ಡ ಬೈಕ್ ಸೋಲುವ ಜಾಗವೂ ಇದೆ, ಮತ್ತೆ ಅದು ಸಣ್ಣ ಸೋಲಲ್ಲ. ಜೆಡ್650ರ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಬೈಕಿನ ಹೊಟ್ಟೆಗಿರುವ ಎತ್ತರ) 130 ಎಂಎಂ. 390ರದ್ದು 183. ಹತ್ತಿರ ಹತ್ತಿರ ಐದೂಕಾಲು ಸೆಂಟಿಮೀಟರ್ ವ್ಯತ್ಯಾಸ. ಕಾಗದದಲ್ಲಿ ಇದು ಏನೂ ಅಲ್ಲ ಅನ್ನಿಸುತ್ತದೆ. ಆದರೆ ನಮ್ಮ ಹಳ್ಳಿ ರಸ್ತೆಗಳಲ್ಲಿ ಊರಿನವರೇ ರಾತ್ರೋರಾತ್ರಿ ಹಾಕಿಕೊಂಡ ಹಂಪ್‌ಗಳು ಇರುತ್ತವೆ. ಬಣ್ಣ ಇಲ್ಲ, ಬೋರ್ಡ್ ಇಲ್ಲ, ಎತ್ತರಕ್ಕೆ ಲೆಕ್ಕ ಇಲ್ಲ. ಇಬ್ಬರು ಕೂತಾಗ ಸಸ್ಪೆನ್ಷನ್ ಕೂತು 130 ಇನ್ನೂ ಕಮ್ಮಿ ಆಗುತ್ತದೆ. ಹಿಂದಿನ ಶಾಕ್‌ನ ಪ್ರಿಲೋಡ್ (ಸ್ಪ್ರಿಂಗಿನ ಬಿಗಿ) ಜಾಸ್ತಿ ಮಾಡಿಸಿದಮೇಲೆ, ಹಂಪ್ ಮೇಲೆ ಬೈಕನ್ನು ಓರೆಯಾಗಿ ಹತ್ತಿಸಿ ಇಳಿಸುವ ಅಭ್ಯಾಸ ಮಾಡಿಕೊಂಡಮೇಲೆ ಹೊಟ್ಟೆ ತಾಗುವುದು ನಿಂತಿದೆ. ತಮ್ಮ ಮಾತ್ರ ಅದೇ ಹಂಪ್ ಮೇಲೆ ನೇರವಾಗಿ ಹೋಗಿಬಿಡುತ್ತಾನೆ.

ಇದಕ್ಕಿಂತ ಗಮನ ಕೊಡಬೇಕಾದ್ದು ರಸ್ತೆ ಮೇಲಿನ ಒಕ್ಕಣೆ. ನಾಗಮಂಗಲ ಕಡೆ ಡಿಸೆಂಬರ್, ಜನವರಿಯಲ್ಲಿ ರಾಗಿ, ಹುರುಳಿ ಕುಯ್ದು ಡಾಂಬರು ರಸ್ತೆ ಮೇಲೆ ಹರಡುತ್ತಾರೆ. ಲಾರಿ, ಬಸ್ಸು ಓಡಾಡಿದರೆ ಕಾಳು ಬೇರೆ ಆಗುತ್ತದೆ. ಒಂದು ಸಲ ತಿರುವು ದಾಟಿದ ತಕ್ಷಣ ಮೊಣಕಾಲುದ್ದ ಹುರುಳಿ ಗಿಡ. ನಾನು ನಿಲ್ಲಿಸಿದ್ದು ನೋಡಿ ಪಕ್ಕದಲ್ಲಿ ಕೂತಿದ್ದ ಅಜ್ಜಿ "ಹತ್ತುಸ್ಕಂಡ್ ಹೋಗಪ್ಪ, ಏನೂ ಆಗಕಿಲ್ಲ" ಅಂದರು. ಮೆಲ್ಲಗೆ ದಾಟಿದೆ. ಆಚೆ ಬದಿಗೆ ಬರುವಷ್ಟರಲ್ಲಿ ಸುಟ್ಟ ಸೊಪ್ಪಿನ ವಾಸನೆ. ಇಳಿದು ಬಗ್ಗಿ ನೋಡಿದರೆ ಹುರುಳಿ ಬಳ್ಳಿ ಹಿಂದಿನ ಸ್ಪ್ರಾಕೆಟ್ಟಿಗೆ (ಚೈನ್ ಕೂರುವ ಹಲ್ಲಿನ ಚಕ್ರಕ್ಕೆ) ಹಗ್ಗದ ಥರ ಬಿಗಿಯಾಗಿ ಸುತ್ತಿಕೊಂಡಿತ್ತು. ಇಂಜಿನ್ ಕೆಳಗೆ ಸೈಲೆನ್ಸರ್ ಪಕ್ಕ ಒಂದು ಹಿಡಿ ಒಣ ಸೊಪ್ಪು ಸಿಕ್ಕಿಕೊಂಡು ಕಪ್ಪಗಾಗಿ ಹೊಗೆ ಬರುತ್ತಿತ್ತು. ಇಂಜಿನ್ ಆಫ್ ಮಾಡಿ, ಕಡ್ಡಿ ತೆಗೆದುಕೊಂಡು ಒಂದೊಂದೇ ಎಳೆ ಬಿಡಿಸಿದ್ದಾಯಿತು. ಬೆಂಕಿ ಹತ್ತಿಕೊಂಡಿದ್ದರೆ ಬೈಕೂ ಹೋಗುತ್ತಿತ್ತು, ಆ ಅಜ್ಜಿಯ ಹುರುಳಿಯೂ ಹೋಗುತ್ತಿತ್ತು. ಹೊಸ 390ಕ್ಕೂ ಸೈಲೆನ್ಸರ್ ಇಂಜಿನ್ ಕೆಳಗೇ ಇದೆ, ಆದರೆ ನೆಲದಿಂದ ಮೇಲಿದೆ. ದಯವಿಟ್ಟು ಯಾವ ಬೈಕ್ ಆದರೂ ಇಂಥ ಕಡೆ ಬದಿಯಲ್ಲಿ ಜಾಗ ಇದ್ದರೆ ಅಲ್ಲಿಂದಲೇ ಹೋಗಿ, ದಾಟಿದ ಮೇಲೆ ಇಳಿದು ಒಮ್ಮೆ ನೋಡಿ.

ಘಾಟಿ ವಿಷಯದಲ್ಲಿ ವಾದವೇ ಬೇಡ, 390 ಗೆಲ್ಲುತ್ತದೆ. ಚಾಮರಾಜನಗರ ದಾಟಿ ಹಾಸನೂರು ಮೇಲೆ ದಿಂಬಂ ಘಾಟಿಗೆ ಹೋದರೆ 27 ಹೇರ್‌ಪಿನ್ ತಿರುವು. ಮಸಿನಗುಡಿಯಿಂದ ಊಟಿ ಕಡೆ ಹತ್ತುವ ಕಲ್ಹಟ್ಟಿಯಲ್ಲಿ 36. ಇಂಥ ಕಡೆ 168 ಕೆಜಿಯ ಬೈಕ್ ಎಷ್ಟು ಸಲೀಸಾಗಿ ಮಲಗಿ ಏಳುತ್ತದೆ ಅಂದರೆ, ನಾನು 650ರಲ್ಲಿ ಹಿಂದೆ ಹೋಗುತ್ತಾ ತಮ್ಮನನ್ನು ನೋಡಿ ಖುಷಿಪಟ್ಟಿದ್ದೇನೆ. ಅವನ ಬೈಕ್‌ನ ಸಸ್ಪೆನ್ಷನ್‌ನಲ್ಲಿ ಮುಂದೆ ಕಂಪ್ರೆಷನ್, ರಿಬೌಂಡ್ (ಫೋರ್ಕ್ ಕುಗ್ಗುವ, ಮತ್ತೆ ಏಳುವ ವೇಗ) ಎರಡೂ ಹೊಂದಿಸಿಕೊಳ್ಳಬಹುದು. ನನ್ನದರಲ್ಲಿ ಮುಂದಿನ ಫೋರ್ಕ್ ಬಂದ ಹಾಗೇ ಇರುತ್ತದೆ, ಹಿಂದೆ ಪ್ರಿಲೋಡ್ ಮಾತ್ರ. ದುಡ್ಡು ಜಾಸ್ತಿ ಕೊಟ್ಟರೆ ಎಲ್ಲಾ ಜಾಸ್ತಿ ಸಿಗುತ್ತದೆ ಅಂತ ತಿಳಿದವರು ಇದನ್ನು ನೆನಪಿಡಬೇಕು. ಒಬ್ಬರೇ ಓಡಾಡುವವರು, ಭಾನುವಾರ ಬೆಳಗ್ಗೆ ಬಂಡೀಪುರದ ಗೇಟ್ ಆರಕ್ಕೆ ತೆಗೆಯುವುದನ್ನೇ ಕಾದು ಊಟಿ ಕಡೆ ಹೊರಡುವವರು ನೀವಾದರೆ, 390 ಬಿಟ್ಟು ಬೇರೆ ನೋಡುವ ಅಗತ್ಯ ನನಗೆ ಕಾಣುವುದಿಲ್ಲ.

ಮೈಲೇಜ್ 390ರಲ್ಲಿ ಇಪ್ಪತ್ತಾರು, ಇಪ್ಪತ್ತೇಳರ ಆಸುಪಾಸು. 650ರಲ್ಲಿ ಇಪ್ಪತ್ತು, ಇಪ್ಪತ್ತೆರಡು. ಏಪ್ರಿಲ್ ಬಿಸಿಲಲ್ಲಿ ಮೈಸೂರಿನ ಸಿಗ್ನಲ್‌ಗಳಲ್ಲಿ ನಿಂತರೆ ಎರಡರ ಫ್ಯಾನೂ ಕಾಲಿಗೆ ಬಿಸಿಗಾಳಿ ಬಿಡುತ್ತದೆ, 650 ಸ್ವಲ್ಪ ಜಾಸ್ತಿ.

ದುಡ್ಡಿನ ಲೆಕ್ಕ ಸರಿಯಾಗಿ ನೋಡಬೇಕು. ಶೋರೂಮ್ ಬೆಲೆಯಲ್ಲಿ 390 ಮೂರು ಲಕ್ಷದ ಆಸುಪಾಸು, ಜೆಡ್650 ಅದರ ಎರಡು ಪಟ್ಟಿಗೂ ಜಾಸ್ತಿ. ಅದರ ಮೇಲೆ ಕರ್ನಾಟಕದ ಲೈಫ್ ಟ್ಯಾಕ್ಸ್ ಒಂದು ಲಕ್ಷ ಮೀರಿದ ಬೈಕ್‌ಗೆ ಶೇ. 18, ಸೆಸ್ ಬೇರೆ. ಆದರೆ ತುಂಬಾ ಜನ ಗಮನಿಸದ ವಿಷಯ ಒಂದಿದೆ. ಸರ್ಕಾರದ ಲೆಕ್ಕದಲ್ಲಿ ಗೆರೆ ಇರುವುದು 350 ಸಿಸಿಗೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗೆ ಜಿಎಸ್‌ಟಿ ಶೇ. 18, ಅದರ ಮೇಲೆ ಶೇ. 40. ಥರ್ಡ್ ಪಾರ್ಟಿ ವಿಮೆಯೂ ಹಾಗೇ. 2022ರಲ್ಲಿ ನಿಗದಿಯಾದ ದರದಲ್ಲಿ 150ರಿಂದ 350 ಸಿಸಿಗೆ ವರ್ಷಕ್ಕೆ 1,366 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,804. ಅಂದರೆ 399 ಸಿಸಿ ಇರುವ ಬೈಕ್ ಮಧ್ಯಮ ಅನ್ನಿಸಿಕೊಂಡರೂ ತೆರಿಗೆಯಲ್ಲಿ ದೊಡ್ಡ ಬೈಕ್‌ಗಳ ಸಾಲಿನಲ್ಲೇ ಕೂರುತ್ತದೆ. ಕೈ ಬಿಗಿ ಇದ್ದರೆ 31 ಪಿಎಸ್‌ನ 250 ಡ್ಯೂಕ್ ಒಮ್ಮೆ ನೋಡಿ. ಅದು ಗೆರೆಯ ಕೆಳಗಿದೆ, ಊರೊಳಗೆ ಅದಕ್ಕಿಂತ ಜಾಸ್ತಿ ಯಾರಿಗೂ ಬೇಕಾಗಿಲ್ಲ.

ಆಮೇಲಿನ ಖರ್ಚಿನಲ್ಲಿ ದೊಡ್ಡ ಬೈಕ್ ಎಲ್ಲದಕ್ಕೂ ಕಾಯಿಸುತ್ತದೆ. 160 ಎಂಎಂ ಅಗಲದ ಒಳ್ಳೆಯ ಟೈರ್ ಬೇಕು ಅಂದರೆ ಅಂಗಡಿಯವರು ಆರ್ಡರ್ ಹಾಕಿ ತರಿಸಬೇಕು. ಟೈರ್ ಸವೆಯುವ ಮೊದಲೇ ಹೇಳಿಟ್ಟುಬಿಡುವುದು ಜಾಣತನ. 390ರ ಕೆಲಸ ಗೊತ್ತಿರುವ ಮೆಕ್ಯಾನಿಕ್ ಊರಿಗೊಬ್ಬರು ಸಿಗುತ್ತಾರೆ.

ಹದಿನೆಂಟು, ಇಪ್ಪತ್ತರ ಹುಡುಗರಿಗೆ ಒಂದು ಮಾತು ಮನಸ್ಸಿಟ್ಟು ಹೇಳುತ್ತೇನೆ. ನಮ್ಮಲ್ಲಿ ಗೇರ್ ಬೈಕ್ ಲೈಸೆನ್ಸ್ ಇದ್ದರೆ 100 ಸಿಸಿಯೂ ಓಡಿಸಬಹುದು, 1000 ಸಿಸಿಯೂ ಓಡಿಸಬಹುದು. ಯುರೋಪಿನಲ್ಲಿ ಹಾಗಲ್ಲ. ಅಲ್ಲಿ ಎ2 ಅನ್ನುವ ಲೈಸೆನ್ಸ್‌ಗೆ 35 ಕಿಲೋವ್ಯಾಟ್ ಮಿತಿ, ಅಂದರೆ ಸುಮಾರು 47 ಅಶ್ವಶಕ್ತಿ. 390 ಅದರ ಒಳಗೇ ಬರುತ್ತದೆ, ಜೆಡ್650 ಬರುವುದಿಲ್ಲ. ಅಲ್ಲಿ ಕಾನೂನು ಹಾಕಿದ ಮೆಟ್ಟಿಲನ್ನು ಇಲ್ಲಿ ನೀವೇ ಹಾಕಿಕೊಳ್ಳಬೇಕು. ವಿಶ್ವೇಶ್ವರಯ್ಯ ನಾಲೆ ಪಕ್ಕದ ರಸ್ತೆಗಳಲ್ಲಿ ತಡೆಗೋಡೆ ಇಲ್ಲದ ತಿರುವುಗಳು ಎಷ್ಟಿವೆ ಅಂತ ನಿಮಗೂ ಗೊತ್ತು ಅಲ್ವಾ?

ನಮ್ಮ ಅಪ್ಪ ಓಡಿಸಿದ್ದು ಯೆಜ್ಡಿ ರೋಡ್‌ಕಿಂಗ್, ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯದು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. 250 ಸಿಸಿ ಇದ್ದ ಆ ಗಾಡಿಯನ್ನು ಆ ಕಾಲಕ್ಕೆ ದೊಡ್ಡ ಗಾಡಿ ಅಂತಲೇ ಕರೆಯುತ್ತಿದ್ದರು. ಅದರಲ್ಲೇ ಅಪ್ಪ ಅಮ್ಮ ಇಬ್ಬರೂ ಊಟಿ ನೋಡಿಕೊಂಡು ಬಂದಿದ್ದರು.

ಶೋರೂಮ್‌ಗೆ ಹೋದಾಗ ಒಂದು ಕೆಲಸ ಮಾಡಿ. ಟೆಸ್ಟ್ ರೈಡ್‌ಗೆ ಒಬ್ಬರೇ ಹೋಗಬೇಡಿ. ನಾಳೆ ಹಿಂದೆ ಕೂರುವವರು ಯಾರೋ, ಹೆಂಡತಿಯೋ, ತಂಗಿಯೋ, ಸ್ನೇಹಿತನೋ, ಅವರನ್ನು ಕರೆದುಕೊಂಡು ಹೋಗಿ ಕೂರಿಸಿಕೊಳ್ಳಿ. ಮೂರನೇ ಗೇರ್‌ನಲ್ಲಿ ಮೂವತ್ತರ ವೇಗಕ್ಕೆ ಇಳಿಸಿ, ಕ್ಲಚ್ ಮುಟ್ಟದೆ ಆಕ್ಸಿಲರೇಟರ್ ಕೊಟ್ಟು ನೋಡಿ. ಹತ್ತಿರದ ಎತ್ತರದ ಹಂಪ್ ಒಂದನ್ನು ದಾಟಿಸಿ ನೋಡಿ. ಇಳಿದಮೇಲೆ ನೀವು ಮಾತಾಡಬೇಡಿ, ಮೊದಲು ಅವರನ್ನು ಕೇಳಿ.