1998ರ ಮಾರುತಿ 800: ಹದಿಮೂರು ವರ್ಷ ಓಡಿಸಿದ ಮೇಲೆ, ಸ್ಟೇರಿಂಗ್ ಬಗ್ಗೆ ನಾಲ್ಕು ಮಾತು

ಈ ಗಾಡಿ ನೋಡದವರು ಯಾರಿದ್ದಾರೆ? ಇಂಜಿನ್, ಮೈಲೇಜ್ ಬಗ್ಗೆ ನಾನು ಬರೆಯಲ್ಲ. 2012ರಲ್ಲಿ ಮಾವನಿಂದ ತಗೊಂಡೆ, ಕೆಎ 06 ನಂಬರು, ಕಾರ್ಬೊರೇಟರ್ ಗಾಡಿ. ಅವತ್ತಿಂದ ಗುಬ್ಬಿ–ತುಮಕೂರು ನನ್ನ ದಿನದ ಓಡಾಟ.

ಬೆಳಿಗ್ಗೆ ಏಳಕ್ಕೆ ತೆಂಗಿನಮರದ ಕೆಳಗಿಂದ ತೆಗೀತೀನಿ. ಗ್ಲಾಸಿನ ಮೇಲಿನ ಇಬ್ಬನಿ ಹಳೇ ಪಂಚೆಯಲ್ಲಿ ಒರೆಸೋದು, ತಣ್ಣಗಿರೋ ಇಂಜಿನ್ ಶುರುವಾಗಲಿ ಅಂತ ಚೋಕ್ ಎಳೆಯೋದು, ಇಂಜಿನ್ನಿನ ಸದ್ದು ಹದಕ್ಕೆ ಬರೋವರೆಗೆ ಸುಮ್ಮನೆ ಕೂತಿರೋದು. ಚೋಕನ್ನ ಸ್ವಲ್ಪಸ್ವಲ್ಪವೇ ಒಳಗೆ ತಳ್ಳುವಾಗ ಸದ್ದು ಮೆತ್ತಗಾಗುತ್ತಲ್ಲ, ಅದು ಕೇಳದಿದ್ರೆ ನನಗೆ ದಿನ ಶುರುವಾದ ಹಾಗೇ ಅನ್ನಿಸಲ್ಲ.

ಎರಡು ವರ್ಷದ ಹಿಂದೆ ಸ್ಟೇರಿಂಗ್ ಸಡಿಲ ಆಯ್ತು. ಎರಡು ಬೆರಳಿನಷ್ಟು ತಿರುಗಿಸಿದ್ರೂ ಚಕ್ರಕ್ಕೆ ಸುದ್ದಿ ಹೋಗ್ತಿರಲಿಲ್ಲ. ಬಿ.ಎಚ್. ರೋಡಲ್ಲಿ ಲಾರಿ ಪಕ್ಕಕ್ಕೆ ಬಂದ್ರೆ ಗಾಡಿ ಎತ್ತ ಎಳೆಯುತ್ತೋ ಅನ್ನೋ ದಿಗಿಲಿಗೆ ಭುಜ ಬಿಗಿದುಹೋಗೋದು. ನಾನು ಮಾಡಿದ ತಪ್ಪು ಅಂದ್ರೆ ಚಕ್ರಗಳ ದಿಕ್ಕು ನೇರ ಮಾಡೋ ಅಲೈನ್‌ಮೆಂಟ್ ಮಾಡಿಸ್ತಾ ಹೋದದ್ದು. ಮೂರು ಸಲ ಮಾಡಿಸಿದೆ. ಸವೆದ ಜಾಯಿಂಟ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದ್ರೆ ಅದು ನಿಲ್ಲೋದಾದ್ರೂ ಹೇಗೆ?

ಆಮೇಲೆ ಒಂದು ಗ್ಯಾರೇಜಿನವರು, ಸ್ಟೇರಿಂಗ್ ತಿರುವನ್ನ ಚಕ್ರಗಳಿಗೆ ಮುಟ್ಟಿಸೋ ಹಲ್ಲಿನ ಸರಳಾದ ರ‍್ಯಾಕ್‌ನ ಅಡ್ಜಸ್ಟಿಂಗ್ ಸ್ಕ್ರೂ ಬಿಗಿ ಮಾಡಿ ಕೊಟ್ಟರು. ಸಡಿಲದ ಆಟ ಕಮ್ಮಿ ಆಯ್ತು, ಖುಷಿಯಾಗಿ ಮನೆಗೆ ಬಂದೆ. ಅದೇ ಭಾನುವಾರ ದೇವರಾಯನದುರ್ಗ ಬೆಟ್ಟಕ್ಕೆ ಹೊರಟಿದ್ದೆವು. ಹಿಂದಿನ ಸೀಟಲ್ಲಿ ಅಮ್ಮ. ತಿರುವು ದಾಟಿ ಕೈ ಸಡಿಲ ಬಿಟ್ಟೆ, ಸ್ಟೇರಿಂಗ್ ತಾನಾಗಿ ನೇರಕ್ಕೆ ಬರಲಿಲ್ಲ! ತಿರುಗಿದ್ದು ತಿರುಗಿದ ಹಾಗೇ ನಿಂತಿತ್ತು. ನಾನೇ ಎಳೆದು ತಂದೆ. ಇದು ಸಡಿಲಕ್ಕಿಂತ ಅಪಾಯ. ಮಾರನೇ ದಿನ ಅದೇ ಗ್ಯಾರೇಜಿಗೆ ಹೋದ್ರೆ ರ‍್ಯಾಕೇ ಬದಲಿಸಿ, ಲೇಬರ್ ಸೇರಿ ಆರು ಸಾವಿರ ಅಂದ್ರು. ನನಗೆ ಸಿಟ್ಟು ಬಂದದ್ದು ದುಡ್ಡಿಗಲ್ಲ. ಗಾಡಿ ಕೆಳಗೆ ಒಬ್ಬರೂ ಬಗ್ಗಿ ನೋಡಿರಲಿಲ್ಲ.

ಕೊನೆಗೆ ತುಮಕೂರಿನ ಬಟವಾಡಿ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಮೊದಲು ಪಾನಾ ಮುಟ್ಟಲೇ ಇಲ್ಲ. ಇಂಜಿನ್ ಆಫ್, ಚಕ್ರ ನೆಲದ ಮೇಲೆ. ನನ್ನ ಮಗನಿಗೆ ಸ್ಟೇರಿಂಗ್ ಹಿಡಿದು ಆ ಕಡೆ ಈ ಕಡೆ ಒಂಚೂರು ಆಡಿಸು ಅಂದ್ರು. ತಾವು ಕೆಳಗೆ ಮಲಗಿ ಒಂದೊಂದೇ ಜಾಯಿಂಟಿಗೆ ಅಂಗೈ ಇಟ್ಟರು. 'ಬನ್ನಿ ಸಾರ್, ನೀವೂ ಮುಟ್ಟಿ ನೋಡಿ' ಅಂತ ನನ್ನ ಕೈ ಹಿಡಿದು ಎಡಗಡೆ ಟೈ ರಾಡ್ ಎಂಡ್ (ಚಕ್ರಕ್ಕೆ ಹೋಗೋ ಸರಳಿನ ತುದಿಯ ಜಾಯಿಂಟು) ಮೇಲೆ ಇಟ್ಟರು. ಅಂಗೈಗೆ 'ಟಕ್' ಅಂತ ಬಡೀತು. ರಾಡು ಅಲ್ಲಾಡ್ತಿದೆ, ಅದು ಹಿಡಿದಿರೋ ಚಕ್ರದ ಕಡೆಯ ತೋಳು ಮಾತ್ರ ತಡವಾಗಿ ಅಲ್ಲಾಡ್ತಿದೆ. ಎರಡು ವರ್ಷದ ನನ್ನ ತಲೆನೋವು ಅಷ್ಟೇ ಜಾಗದಲ್ಲಿತ್ತು.

ಆಮೇಲೆ ಜಾಕ್ ಕೊಟ್ಟು ಗಡಿಯಾರದ ಒಂಬತ್ತು–ಮೂರರ ಜಾಗದಲ್ಲಿ ಚಕ್ರ ಹಿಡಿದು ಅಲ್ಲಾಡಿಸಿದ್ರು, ಆಟ ಇತ್ತು. ಹನ್ನೆರಡು–ಆರರಲ್ಲಿ ಹಿಡಿದಾಗ ಇರಲಿಲ್ಲ, ಅಂದ್ರೆ ವೀಲ್ ಬೇರಿಂಗು, ಕೆಳಗಿನ ಬಾಲ್ ಜಾಯಿಂಟು ಎರಡೂ ಸರಿ ಇವೆ. ಬಿಚ್ಚಿದ ಹಳೇ ಟೈ ರಾಡ್ ಎಂಡಿನ ರಬ್ಬರ್ ಬೂಟ್ ಹರಿದು, ಗ್ರೀಸಿಗೆ ಕೆಮ್ಮಣ್ಣು ಸೇರಿತ್ತು. ಕೈಯಲ್ಲಿ ಹಿಡಿದ್ರೆ ಒಳಗಿನ ಗುಂಡು, ಅಂದ್ರೆ ಬಾಲು, ತನ್ನ ಭಾರಕ್ಕೇ ವಾಲ್ತಿತ್ತು. ಹೊಸದನ್ನ ಬಲವಾಗಿ ಒತ್ತಿದ್ರೆ ಮಾತ್ರ ಅಲುಗುತ್ತೆ. ಹಳೇದು ಎಷ್ಟು ಸುತ್ತು ತಿರುಗಿಸಿದಾಗ ಬಿಚ್ಚಿತೋ ಎಣಿಸಿಕೊಂಡು ಹೊಸದನ್ನ ಅಷ್ಟೇ ಸುತ್ತು ಹಾಕಿದ್ರು, ನಟ್ಟು ಬಿಚ್ಚದ ಹಾಗೆ ಹೊಸ ಸ್ಪ್ಲಿಟ್ ಪಿನ್ ಕೊಟ್ಟರು. ರ‍್ಯಾಕ್ ಸ್ಕ್ರೂನ ಸಡಿಲಿಸಿ ಹದಕ್ಕೆ ತಂದ್ರು. ಕಡೆಗೆ ಅಲೈನ್‌ಮೆಂಟ್. ಈ ಸಲ ಅದಕ್ಕೆ ಕೊಟ್ಟ ದುಡ್ಡು ದಂಡ ಆಗಲಿಲ್ಲ.

ಎರಡೂ ಕಡೆಯದು ಬದಲಿಸಿ, ಕೂಲಿ, ಅಲೈನ್‌ಮೆಂಟ್ ಎಲ್ಲಾ ಸೇರಿ ಎರಡು ಸಾವಿರದೊಳಗೆ ಮುಗೀತು. 2014ರ ಜನವರಿಯಲ್ಲಿ ಈ ಗಾಡಿ ತಯಾರಿಕೆಯೇ ನಿಂತಿದೆ, ಆದರೂ ಸಾಮಾನು ಅವತ್ತೇ ಅಂಗಡಿಯಲ್ಲಿ ಸಿಕ್ತು. ನನ್ನ ಸಂಬಳಕ್ಕೆ ಇದಕ್ಕಿಂತ ಒಗ್ಗುವ ಕಾರು ಇನ್ನೊಂದಿಲ್ಲ. ಪವರ್ ಸ್ಟೇರಿಂಗ್ ಇಲ್ಲ, ನಿಂತಲ್ಲೇ ತಿರುಗಿಸೋವಾಗ ತೋಳು ನೋಯುತ್ತೆ, ನಿಜ. ಆದ್ರೆ ಓಡುವಾಗ ರಸ್ತೆಯ ಒಂದೊಂದು ಕಲ್ಲೂ ಬೆರಳಿಗೆ ಗೊತ್ತಾಗುತ್ತೆ. ಆ ಸುಖ ನನಗೆ ವಾಪಸ್ ಸಿಕ್ಕಿದೆ.

ಈಗ ಹಂಪ್ ಹತ್ತುವಾಗ ಮುಂದೆ ಎಲ್ಲೋ ಬುಷ್ ಕಿರ್ ಅಂತಿದೆ. ಅಡಿಕೆ ದುಡ್ಡು ಬಂದ ಮೇಲೆ ಮತ್ತೆ ಬಟವಾಡಿಗೆ ಹೋಗ್ತೀನಿ, ಮಗನನ್ನ ಕರ್ಕೊಂಡೇ.