ಬೊಗಳಾಟ ನಿಲ್ಲಿಸುವ ಪೆಟ್ಟಿಗೆ: 14 ತಿಂಗಳು ಬಳಸಿದ ಮೇಲೆ

ನಮ್ಮ ಚಿನ್ನಿ ಇಂಡಿಯನ್ ಸ್ಪಿಟ್ಜ್. ಬೀದಿಯವರ ಬಾಯಲ್ಲಿ ಮಾತ್ರ ಪಾಮೇರಿಯನ್. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ತರಕಾರಿ ಗಾಡಿ, ಕೊರಿಯರ್ ಹುಡುಗ, ಗೇಟಿನ ಮೇಲೆ ಕೂತ ಕಾಗೆ, ಯಾರನ್ನೂ ಅವಳು ಸುಮ್ಮನೆ ಬಿಟ್ಟವಳಲ್ಲ. ಕಾಂಪೌಂಡಿನ ಆಚೆ ನಿವೃತ್ತ ಮೇಷ್ಟ್ರು, ಊಟವಾದ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚುವವರು. ಅವರು ಜಗಳವಾಡಲಿಲ್ಲ, ಮಾತು ಬಿಟ್ಟರು. ಅದು ಇನ್ನೂ ಕಷ್ಟ. ಹಾಗಾಗಿ 1,800 ರೂಪಾಯಿ ಕೊಟ್ಟು ಈ ಅಲ್ಟ್ರಾಸಾನಿಕ್ ಪೆಟ್ಟಿಗೆಯನ್ನು ತರಿಸಿದೆ.

ನೋಡಲು ಹಕ್ಕಿಗೂಡಿನಂತಿದೆ. ಒಳಗಿನ ಮೈಕ್‌ಗೆ ಬೊಗಳುವ ಸದ್ದು ಬಿದ್ದೊಡನೆ ಸುಮಾರು 25 ಕಿಲೋಹರ್ಟ್ಸ್ ಧ್ವನಿ ಹೊರಡುತ್ತದೆ. ನಮ್ಮ ಕಿವಿ 20 ದಾಟುವುದಿಲ್ಲ, ನಾಯಿಗೆ 40ರ ಮೇಲೂ ಕೇಳುತ್ತದೆ. ಮೊದಲ ಮೂರು ವಾರ ಚಿನ್ನಿ ಅರ್ಧ ಬೊಗಳಿ ತಬ್ಬಿಬ್ಬಾಗಿ ನಿಲ್ಲುತ್ತಿದ್ದಳು. ನಾಲ್ಕನೆಯ ವಾರಕ್ಕೆ ಅಭ್ಯಾಸವಾಯಿತು. ಪೆಟ್ಟಿಗೆ ಕೂಗಿದರೂ ಇವಳು ಬೊಗಳಿದಳು. ಮನೆಯೊಳಗಿಂದ ಬೊಗಳಿದರಂತೂ ಲೆಕ್ಕಕ್ಕೇ ಇಲ್ಲ, ಈ ಧ್ವನಿ ಗೋಡೆ, ಗಾಜು ದಾಟುವುದಿಲ್ಲ.

ನನಗೆ ಸಿಟ್ಟು ಬಂದದ್ದು ಕುಕ್ಕರಿನ ವಿಷಯಕ್ಕೆ. ಕುಕ್ಕರ್ ಸೀಟಿ ಹೊಡೆದರೂ ಪೆಟ್ಟಿಗೆ ಅದನ್ನು ಬೊಗಳು ಎಂದೇ ತಿಳಿಯುತ್ತಿತ್ತು. ಅಡುಗೆಮನೆಯ ಹಿಂದಿನ ಅಂಗಳದಲ್ಲಿ ಮಲಗಿದ್ದ ನಾಯಿಗೆ ಮಾಡದ ತಪ್ಪಿಗೆ ಶಿಕ್ಷೆ. ಆ ಅಂಗಳಕ್ಕೆ ಕಾಲಿಡುವುದನ್ನೇ ಬಿಟ್ಟಳು; ಮತ್ತೆ ಕರೆತರಲು ಒಂದು ತಿಂಗಳು ಹಿಡಿಯಿತು. ಒಂಟಿಯಾಗಿ ಬಿಟ್ಟಾಗ ಹೆದರಿ ಬೊಗಳುವ ನಾಯಿಗಂತೂ ಇದನ್ನು ಖಂಡಿತ ತರಬೇಡಿ. ಹೆದರಿಕೆಯ ಮೇಲೆ ಇನ್ನೊಂದು ಹೆದರಿಕೆ ಹೇರಿದಂತಾಗುತ್ತದೆ. ಆರು ವಾರಕ್ಕೊಂದು 9 ವೋಲ್ಟ್ ಬ್ಯಾಟರಿ ಬೇರೆ.

ಆಮೇಲೆ ಬೊಗಳಾಟವನ್ನು ಇಳಿಸಿದ್ದು ಅಗ್ಗದ ಉಪಾಯಗಳು. ಗೇಟಿನ ಸರಳುಗಳಿಗೆ ತಗಡು ಹೊಡೆಸಿದೆ, ಬೀದಿ ಕಾಣುವ ಕಿಟಕಿಯ ಕೆಳಭಾಗಕ್ಕೆ ಮಂಜುಗಾಜಿನ ಹಾಳೆ ಅಂಟಿಸಿದೆ. ಕಾಣದ ಕೊರಿಯರ್ ಹುಡುಗನ ಮೇಲೆ ಅವಳಿಗೂ ಅಷ್ಟು ಕೋಪವಿಲ್ಲ. ಬೆಳಿಗ್ಗೆ ನಲವತ್ತು ನಿಮಿಷದ ನಡಿಗೆ, ಅದರಲ್ಲಿ ಅರ್ಧ ಹೊತ್ತು ಅವಳು ಬೇಲಿ ಬೇಲಿ ಮೂಸುತ್ತಾಳೆ, ನಾನು ಹಗ್ಗ ಹಿಡಿದು ಕಾಯುತ್ತೇನೆ. ಗಾಡಿಯ ಸದ್ದು ದೂರದಲ್ಲಿ ಕೇಳಿದಾಗಲೇ, ಬಾಯಿ ತೆರೆಯುವ ಮೊದಲು, ಚಾಪೆಗೆ ಕರೆದು ಬೇಯಿಸಿದ ಕೋಳಿಯ ಚೂರು ಕೊಡುತ್ತೇನೆ. ಬೊಗಳಿದ ಮೇಲೆ ಕೊಟ್ಟರೆ ಬೊಗಳಿದ್ದಕ್ಕೇ ಸಂಬಳ ಕೊಟ್ಟಂತೆ. ಮೂರು ತಿಂಗಳು ಬೇಕಾಯಿತು. ಒಂದೂವರೆಯಿಂದ ಮೂರರವರೆಗೆ ಅವಳು ಹಿಂದಿನ ಕೋಣೆಯಲ್ಲಿರುತ್ತಾಳೆ ಎಂದು ಮೇಷ್ಟ್ರಿಗೆ ಹೋಗಿ ಹೇಳಿಯೂ ಬಂದೆ. ಯುಗಾದಿಗೆ ಅವರ ಮನೆಯಿಂದ ಹೋಳಿಗೆ ಬಂತು.

ಈಗಲೂ ಕಾಗೆ ಕಂಡರೆ ಬೊಗಳುತ್ತಾಳೆ. ಪೆಟ್ಟಿಗೆಗೆ ಐದರಲ್ಲಿ ಒಂದೂವರೆ ಅಂಕ. ಆ ಅರ್ಧ ಮೊದಲ ಮೂರು ವಾರಕ್ಕೆ. ಮೂರನೆಯ ಮನೆಯವರು ಹೊಸದಾಗಿ ಮರಿ ತಂದಿದ್ದಾರೆ, ಎರವಲು ಕೇಳಿದರು. ಬ್ಯಾಟರಿ ತೆಗೆದು ಕೊಟ್ಟಿದ್ದೇನೆ.