ಆರು ವರ್ಷ ಸ್ಟ್ಯಾಂಡ್‌ಬೈ ಟಿಕೆಟ್‌ನಲ್ಲಿ ಡ್ಯೂಟಿಗೆ ಓಡಾಡಿದವಳ ವಿಮರ್ಶೆ

ನಾನು ಕ್ಯಾಬಿನ್ ಕ್ರ್ಯೂ. ಮನೆ ಒಂದೂರಲ್ಲಿ, ಬೇಸ್ (ಡ್ಯೂಟಿ ಶುರುವಾಗುವ ಏರ್‌ಪೋರ್ಟ್) ಇನ್ನೊಂದೂರಲ್ಲಿ. ನಡುವೆ 2 ಗಂಟೆಯ ವಿಮಾನ. ಡ್ಯೂಟಿಗೆ ಹೋಗಿಬರಲು 6 ವರ್ಷದಿಂದ ಕಂಪನಿ ಕೊಡುವ ಸ್ಟ್ಯಾಂಡ್‌ಬೈ ಟಿಕೆಟನ್ನೇ ನೆಚ್ಚಿಕೊಂಡಿದ್ದೇನೆ. ಹೊಸದಾಗಿ ಸೇರಿದವರು ‘ಪುಕ್ಕಟೆ ಅಲ್ವಾ, ಇನ್ನೇನು ಬೇಕು?’ ಅಂತ ಕೇಳುತ್ತಾರೆ. ಅವರಿಗಾಗಿ ಇದು.

ಸ್ಟ್ಯಾಂಡ್‌ಬೈ ಅಂದರೆ ದುಡ್ಡು ಕೊಟ್ಟವರೆಲ್ಲ ಕೂತ ಮೇಲೆ ಉಳಿದ ಸೀಟು. ಅದಕ್ಕೂ ಸಾಲು ಇದೆ. ನಮ್ಮಲ್ಲಿ ಸರ್ವೀಸ್ ಜಾಸ್ತಿ ಆದವರು ಮೊದಲು. ರಾತ್ರಿ ಆಪ್‌ನಲ್ಲಿ 9 ಸೀಟು ಖಾಲಿ ಕಂಡಿತು ಅಂತ ನೆಮ್ಮದಿಯಾಗಿ ಮಲಗಬೇಡಿ. ಬೆಳಿಗ್ಗೆ ಒಂದು ವಿಮಾನ ರದ್ದಾದರೆ ಅದರ ಪ್ರಯಾಣಿಕರೆಲ್ಲ ಮುಂದಿನದಕ್ಕೆ ಬರುತ್ತಾರೆ. ಸೀಟು ಖಾಲಿ ಇದ್ದೂ ನಮ್ಮನ್ನು ಬಿಟ್ಟು ಹೋಗುವುದುಂಟು. ಬಿಸಿಲು ಜೋರಾದಾಗ ಗಾಳಿ ತೆಳುವಾಗುತ್ತದೆ, ಚಿಕ್ಕ ರನ್‌ವೇಯಿಂದ ಪೂರ್ತಿ ಭಾರ ಹೊತ್ತು ಏಳಲು ಆಗುವುದಿಲ್ಲ. ಹವಾಮಾನ ಕೆಟ್ಟಿದ್ದರೆ ಹೆಚ್ಚುವರಿ ಇಂಧನ ತುಂಬುತ್ತಾರೆ, ಅದರದ್ದೂ ತೂಕ. ಆಗ ಮೊದಲು ಹೊರಗುಳಿಯುವುದು ನಾವೇ. 14 ಸೀಟು ಖಾಲಿ ಇದ್ದ ವಿಮಾನ ಹೊರಟು ಹೋಗುವುದನ್ನು ಒಮ್ಮೆ ಗಾಜಿನ ಈಚೆ ನಿಂತು ನೋಡಿದ್ದೇನೆ. ಮೈಮೇಲೆ ಯೂನಿಫಾರ್ಮ್ ಬೇರೆ, ಅಳುವ ಹಾಗೂ ಇಲ್ಲ.

ಕ್ಯಾಬಿನ್ ಜಂಪ್‌ಸೀಟ್, ಅಂದರೆ ಕ್ರ್ಯೂ ಕೂರುವ ಮಡಚುವ ಸೀಟು, ಕೆಲವು ಸಲ ಕೈಹಿಡಿದಿದೆ. ಕ್ಯಾಪ್ಟನ್ ಒಪ್ಪಬೇಕು, ಅಷ್ಟೇ. ಬೆನ್ನಿನ ಕಥೆ ಕೇಳಬೇಡಿ.

ನನ್ನ ಲೆಕ್ಕ ಸರಳ. ರಿಪೋರ್ಟಿಂಗ್‌ಗೆ ಮುಂಚೆ ತಲುಪುವ ವಿಮಾನ ಕನಿಷ್ಠ 2 ಇರಬೇಕು. ಮಧ್ಯಾಹ್ನದ ಡ್ಯೂಟಿಗೆ ಬೆಳಗಿನ ಮೊದಲ ವಿಮಾನ. ಬೆಳಿಗ್ಗೆ 6ಕ್ಕೆ ರಿಪೋರ್ಟಿಂಗ್ ಅಂದರೆ ಹಿಂದಿನ ದಿನವೇ ಹೊರಡಬೇಕು, ಒಂದು ಆಫ್ ಹೋಯಿತು ಅಂತಲೇ. ಮೊದಲ 3 ವರ್ಷ ಎಷ್ಟೇ ಮುಂಚೆ ಹೊರಟಿದ್ದರೂ ಸೀಟು ಸಿಗದೆ ತಡವಾದರೆ ತಪ್ಪು ನಮ್ಮದೇ. ನನಗೂ ಒಂದು ಎಚ್ಚರಿಕೆ ಪತ್ರ ಬಂದಿತ್ತು. ಆಮೇಲೆ ನಿಯಮ ಬದಲಾಯಿತು. 2 ವಿಮಾನಕ್ಕೆ ಹೆಸರು ಹಾಕಿ, ಎರಡೂ ತಪ್ಪಿದರೆ ಆ ದಿನದ ಸಂಬಳ ಹೋಗುತ್ತದೆ, ಶಿಸ್ತುಕ್ರಮ ಇಲ್ಲ. ಕಂಪನಿಗೆ ಇದರಿಂದ ದೊಡ್ಡ ಖರ್ಚೇನೂ ಇಲ್ಲ, ನಮಗೆ ನಿದ್ದೆ ಬರುತ್ತದೆ.

ಬೇಸ್‌ನಲ್ಲಿ ಕ್ರ್ಯಾಶ್‌ಪ್ಯಾಡ್ ಇದೆ. ಅಂದರೆ ನಮ್ಮಂಥವರೇ ಸೇರಿ ಬಾಡಿಗೆಗೆ ಹಿಡಿದ, ಮಂಚದ ಮೇಲೆ ಮಂಚ ಇಟ್ಟ ಮನೆ. ‘ಹಾಟ್ ಬೆಡ್’ ಅಗ್ಗ. ಯಾವುದು ಖಾಲಿಯೋ ಅದರಲ್ಲಿ ಮಲಗುವುದು, ಹೊದಿಕೆ ನಮ್ಮದೇ. ಒಂದು ವರ್ಷ ಸಹಿಸಿದೆ. ಈಗ ‘ಕೋಲ್ಡ್ ಬೆಡ್’, ಅಂದರೆ ನನ್ನದೇ ಮಂಚ. ಬಾಡಿಗೆ ಜಾಸ್ತಿ. ಆದರೂ ಬೆಳಗಿನ ಜಾವ 3ಕ್ಕೆ ಇನ್ಯಾರದೋ ಅಲಾರಾಂ ಹೊಡೆಯುವುದು ತಪ್ಪಿಲ್ಲ.

ನಿಜವಾಗಿ ಬದುಕು ಹಗುರವಾಗಿದ್ದು ರೋಸ್ಟರ್‌ನಿಂದ, ಅಂದರೆ ಡ್ಯೂಟಿ ಪಟ್ಟಿಯಿಂದ. ಮಧ್ಯಾಹ್ನ ಶುರುವಾಗಿ, ಊರಿಗೆ ಕೊನೆಯ ವಿಮಾನ ಹೊರಡುವ ಮುಂಚೆ ಮುಗಿಯುವ ಟ್ರಿಪ್‌ಗಳನ್ನು ಬಿಡ್ ಮಾಡಿ ಕೇಳಬಹುದು. ಎರಡು ಟ್ರಿಪ್ ಬೆನ್ನುಬೆನ್ನಿಗೆ ಸಿಕ್ಕರೆ ಒಂದು ಸಲದ ಓಡಾಟ ಉಳಿಯಿತು. ಆದರೆ ಕರೆಗಾಗಿ ಕಾಯುವ ರಿಸರ್ವ್ ತಿಂಗಳಲ್ಲಿ ಇದೆಲ್ಲ ನಡೆಯಲ್ಲ. ಕರೆ ಬಂದ 2 ಗಂಟೆಯಲ್ಲಿ ಏರ್‌ಪೋರ್ಟ್‌ನಲ್ಲಿರಬೇಕು. ಸುಮ್ನೆ ಕ್ರ್ಯಾಶ್‌ಪ್ಯಾಡ್‌ನಲ್ಲಿ ಫೋನ್ ನೋಡುತ್ತಾ ಕೂತಿರುವುದು.

ನಕ್ಷತ್ರ ಕಡಿಮೆ ಮಾಡುವುದು ದಣಿವಿಗೆ. ಮನೆಯಿಂದ ಬೇಸ್‌ಗೆ ಬರುವ ಹೊತ್ತು ಡ್ಯೂಟಿಯಲ್ಲಿ ಸೇರುವುದಿಲ್ಲ. ಕಾಗದದ ಮೇಲೆ ಅದು ವಿಶ್ರಾಂತಿ. 2009ರಲ್ಲಿ ಅಮೆರಿಕದ ಬಫಲೋ ಬಳಿ ಕೋಲ್ಗನ್ ಏರ್ 3407 ವಿಮಾನ ಬಿದ್ದು 50 ಜನ ಸತ್ತರು. ಸಹ ಪೈಲಟ್ ಸಿಯಾಟಲ್‌ನಿಂದ ನೂವಾರ್ಕ್ ಬೇಸ್‌ಗೆ ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿದ್ದರು. ತನಿಖೆಯವರು ಮುಖ್ಯ ಕಾರಣ ಅಂದಿದ್ದು ಕ್ಯಾಪ್ಟನ್ನರ ತಪ್ಪು ಪ್ರತಿಕ್ರಿಯೆಯನ್ನು. ಆದರೆ ಇಬ್ಬರೂ ದಣಿದಿದ್ದಿರಬೇಕು ಅಂತಲೂ ಬರೆದರು. ಮನೆಯಿಂದ ಬೇಸ್‌ಗೆ 90 ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ಹತ್ತಿರದಲ್ಲಿ ತಂಗುವ ವ್ಯವಸ್ಥೆ ಯೋಚಿಸಿ ಅಂತ ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ನಮ್ಮ ಕಂಪನಿಯದ್ದೂ ಅದೇ ಬುದ್ಧಿಮಾತು. ಬಾಡಿಗೆ ಮಾತ್ರ ನನ್ನದು.

ಹೋದ ವರ್ಷದಿಂದ ತಿಂಗಳಿಗೆ 2 ಖಚಿತ ಸೀಟು ಕೊಡುತ್ತಿದ್ದಾರೆ. ಎರಡನ್ನೂ ಡ್ಯೂಟಿಗೆ ಹೋಗಲು ಬಳಸುತ್ತೇನೆ. ಮನೆಗೆ ತಡವಾಗಿ ಬಂದರೆ ಯಾರೂ ಪತ್ರ ಬರೆಯುವುದಿಲ್ಲವಲ್ಲ.

ಸದ್ಯಕ್ಕೆ 5ಕ್ಕೆ 3 ನಕ್ಷತ್ರ. ಆ 2 ಸೀಟು 4 ಆದ ದಿನ ಬಂದು ತಿದ್ದುತ್ತೇನೆ.